ಬೀರು ಮೇಲಿನ ಫೈಲು ಕೆಳಗಿಳಿಸುವುದು ಹೇಗೆ

ನಮ್ಮ ಮನೆಯ ಬೀರುವಿನ ಮೇಲೆ ಆರು ವರ್ಷ ಒಂದು ಹಸಿರು ಫೈಲು ಮಲಗಿತ್ತು. ಯುಗಾದಿಗೂ ದೀಪಾವಳಿಗೂ ಧೂಳು ಹೊಡೆಯುವಾಗ ಅದನ್ನು ಎತ್ತುವುದು, ಕೆಳಗೆ ಒರೆಸುವುದು, ಮತ್ತೆ ಅಲ್ಲೇ ಇಡುವುದು. ಒಳಗೇನಿದೆ ಎಂದು ನನಗೂ ಗೊತ್ತು, ಹೆಂಡತಿಗೂ ಗೊತ್ತು. ಅಪ್ಪನ ಮರಣ ಪ್ರಮಾಣಪತ್ರ, ತಿಪಟೂರು ಕಡೆಯ ಎರಡು ಎಕರೆ ಹದಿನಾಲ್ಕು ಗುಂಟೆ ತೆಂಗಿನ ತೋಟದ ಹಳೇ ಪಹಣಿ, ರಬ್ಬರ್ ಬ್ಯಾಂಡ್ ಹಾಕಿದ ಒಂದಿಷ್ಟು ಕಂದಾಯ ರಸೀದಿ. ಪೌತಿ ಖಾತೆ ಮಾಡಿಸಬೇಕಿತ್ತು. ಅಂದರೆ ತೀರಿಹೋದ ಅಪ್ಪನ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರಾದ ನಮ್ಮ ಹೆಸರಿಗೆ ಬರೆಸಿಕೊಳ್ಳಬೇಕಿತ್ತು. 1964ರ ಭೂ ಕಂದಾಯ ಕಾಯ್ದೆ ಇದನ್ನು ಮೂರು ತಿಂಗಳೊಳಗೆ ತಿಳಿಸಿ ಅನ್ನುತ್ತದೆ. ನಾನು ಆರು ವರ್ಷ ತೆಗೆದುಕೊಂಡೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ, ಸುತ್ತಲಿನ ಊರುಗಳ ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿದ್ದುದು ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಮತ್ತೆ ಬಂದು ಅದನ್ನೇ ಓದುತ್ತದೆ. ಆಗ ಎಲ್ಲರೂ ದೆವ್ವದ ದಡ್ಡತನಕ್ಕೆ ನಕ್ಕಿದ್ದೇ. ಆದರೆ ದಿನಾ ತಪ್ಪದೆ ಬಾಗಿಲು ತಟ್ಟಿಸಿಕೊಳ್ಳುತ್ತಿದ್ದದ್ದು ಮನೆಯವರು ತಾನೆ? ಹಸಿರು ಫೈಲು ನನಗೆ ಹಾಗೆ ಆರು ವರ್ಷ ಬಾಗಿಲು ತಟ್ಟಿತು. ಕೆಲಸ ಮಾಡಲಿಲ್ಲ, ನಿಜ. ಆದರೆ ಕೆಲಸದ ಭಾರ ಒಂದು ದಿನವೂ ಇಳಿಯಲಿಲ್ಲ.

ಕೊನೆಗೆ ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಫೈಲು ಬೇರೆ ಇರಬಹುದು. ಹಲ್ಲಿನ ಡಾಕ್ಟರು, ಸಾಲ ಕೊಟ್ಟವರಿಗೆ ಮಾಡಬೇಕಾದ ಫೋನು, ಅಟ್ಟದ ಮೇಲಿನ ಸಾಮಾನು, ಮಗನ ಮೇಷ್ಟರ ಹತ್ತಿರ ಆಡಬೇಕಾದ ಮಾತು. ದಾರಿ ಹೆಚ್ಚುಕಮ್ಮಿ ಒಂದೇ.

ಮುಳ್ಳು ಎಲ್ಲಿದೆ ನೋಡಿ

ಸೋಮಾರಿತನ ಅನ್ನುವ ಪದವನ್ನು ಮೊದಲು ಬದಿಗಿಡಿ. ಆ ಆರು ವರ್ಷದಲ್ಲಿ ನಾನು ಮನೆಗೆ ಬಣ್ಣ ಹೊಡೆಸಿದ್ದೇನೆ, ಎರಡು ಮದುವೆಗೆ ಓಡಾಡಿದ್ದೇನೆ, ಆಫೀಸಿನಲ್ಲಿ ಒಂದು ದಿನವೂ ಲೆಕ್ಕ ಬಾಕಿ ಉಳಿಸಿಲ್ಲ. ಸೋಮಾರಿಯಾದವನಿಗೆ ಎಲ್ಲ ಕೆಲಸವೂ ಬೇಡ. ನನಗೆ ಇದೊಂದೇ ಬೇಡವಾಗಿತ್ತು.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಇದನ್ನೇ ಓದಿದ ಟಿಮೊಥಿ ಪಿಚಿಲ್ ಮತ್ತು ಅವರ ಜೊತೆ ಕೆಲಸ ಮಾಡಿದ ಫ್ಯೂಶಿಯಾ ಸಿರಾಯ್ 2013ರಲ್ಲಿ ಬರೆದದ್ದರ ತಿರುಳು ಇದು: ಮುಂದೂಡುವವನು ಹೊತ್ತನ್ನು ಹೊಂದಿಸಲಾರದೆ ಮುಂದೂಡುವುದಿಲ್ಲ, ಆ ಕೆಲಸ ನೆನೆದರೆ ಆಗುವ ಇರುಸುಮುರುಸನ್ನು ತಡೆಯಲಾರದೆ ಮುಂದೂಡುತ್ತಾನೆ. ಫೈಲನ್ನು ಬೀರುವಿನ ಮೇಲೆ ಇಟ್ಟ ಕ್ಷಣಕ್ಕೆ ಜೀವ ಹಗುರ. ಆ ಹಗುರವೇ ಸಂಬಳ. ಹಾಗಾಗಿ ಹೊಸ ಡೈರಿ ಕೊಂಡರೆ, ಮೊಬೈಲಿಗೆ ಇನ್ನೊಂದು ಆಪ್ ಹಾಕಿದರೆ ಪ್ರಯೋಜನವಿಲ್ಲ. ನಾನು ಮೂರು ಡೈರಿಯಲ್ಲಿ 'ಪೌತಿ ಖಾತೆ' ಎಂದು ಬರೆದಿದ್ದೇನೆ. ಮೂರರಲ್ಲೂ ಜನವರಿ ಪುಟದಲ್ಲಿ, ಅಂದವಾದ ಅಕ್ಷರದಲ್ಲಿ.

ಮಾಡಬೇಕಾದ್ದು ಇಷ್ಟು. ಒಂದು ಹಾಳೆ ತೆಗೆದುಕೊಂಡು ಆ ಕೆಲಸದೊಳಗೆ ಏನೇನು ಬರುತ್ತದೋ ಎಲ್ಲವನ್ನೂ ಒಂದರ ಕೆಳಗೊಂದು ಬರೆಯಿರಿ. ತೀರಾ ಚಿಲ್ಲರೆಯದ್ದನ್ನೂ ಬಿಡಬೇಡಿ. ನನ್ನ ಹಾಳೆ ಹೀಗಿತ್ತು: ಫೈಲು ಇಳಿಸುವುದು. ಪ್ರಮಾಣಪತ್ರ ಜೆರಾಕ್ಸ್. ಈಗಿನ ಪಹಣಿ ತೆಗೆಸುವುದು. ವಂಶವೃಕ್ಷಕ್ಕೆ ಅರ್ಜಿ. ನೋಟರಿ ಅಫಿಡವಿಟ್. ಎಲ್ಲರ ಆಧಾರ್. ಅಕ್ಕನಿಗೆ ಫೋನು. ನಾಡಕಚೇರಿಗೆ ಹೋಗುವುದು. ರಜ ಹಾಕುವುದು.

ಬರೆದಾದ ಮೇಲೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಜೆರಾಕ್ಸ್ ಮೇಲೆ ಬೆರಳಿಟ್ಟಾಗ ನನಗೇನೂ ಆಗಲಿಲ್ಲ. ನೋಟರಿ ಮೇಲೆ ಇಟ್ಟಾಗ ಸಣ್ಣ ಬೇಸರ. 'ಅಕ್ಕನಿಗೆ ಫೋನು' ಎಂಬಲ್ಲಿ ಬೆರಳು ನಿಲ್ಲಲಿಲ್ಲ, ಕೆಳಗಿನ ಸಾಲಿಗೆ ಜಾರಿತು. ಅಲ್ಲಿತ್ತು ಮುಳ್ಳು. ಆರು ವರ್ಷ ನಾನು ನಾಡಕಚೇರಿಯ ಕ್ಯೂ, ಲಂಚ, ಸರ್ವರ್ ಡೌನ್ ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದು ಪೂರ್ತಿ ಸುಳ್ಳಲ್ಲದಿದ್ದರೂ ನನ್ನ ಮಟ್ಟಿಗೆ ನೆಪ. ಆ ಕಚೇರಿಯ ಮೆಟ್ಟಿಲನ್ನೇ ನಾನು ಹತ್ತಿರಲಿಲ್ಲವಲ್ಲ.

ಇದನ್ನು ಹುಡುಕದೆ ಮುಂದಿನ ಯಾವ ಉಪಾಯಕ್ಕೂ ಕೈ ಹಾಕಬೇಡಿ. ಬೇಡದ ಕೆಲಸ ಅಂದರೆ ಪೂರ್ತಿ ಬೇಡದ ಕೆಲಸವಲ್ಲ. ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಮಾಮೂಲಿ, ಒಂದು ಪಾಲು ಚುಚ್ಚುತ್ತದೆ. ಆ ಒಂದಕ್ಕೆ ಹೆದರಿ ಒಂಬತ್ತನ್ನೂ ಕೂಡಿಹಾಕುತ್ತೇವೆ. ಚುಚ್ಚುವುದು ಏನೆಂದು ಗೊತ್ತಾದರೆ ಮದ್ದು ಯಾವುದೆಂದೂ ಗೊತ್ತಾಗುತ್ತದೆ, ಏಕೆಂದರೆ ಮುಳ್ಳುಗಳಲ್ಲಿ ಜಾತಿ ಬೇರೆ ಬೇರೆ. ಆಡಲಾರದ ಮಾತಿನದು ಒಂದು. ಏನು ಮಾಡಬೇಕೆಂದೇ ಗೊತ್ತಿಲ್ಲದ್ದು ಇನ್ನೊಂದು. ಬರೀ ಬೇಸರದ್ದು, ದುಃಖದ್ದು. ಮತ್ತೆ ಎಲ್ಲಕ್ಕಿಂತ ಮೋಸದ್ದು, ಇಷ್ಟು ದಿನ ಮಾಡಲಿಲ್ಲವಲ್ಲ ಎಂಬ ನಾಚಿಕೆಯದು.

ನಾಚಿಕೆಯನ್ನು ಮೊದಲು ಕೀಳಿ

ಮೊದಲು ಅಂದದ್ದಕ್ಕೆ ಕಾರಣವಿದೆ. ಉಳಿದ ಮುಳ್ಳುಗಳು ಇದ್ದಷ್ಟೇ ಇರುತ್ತವೆ, ಇದು ಮಾತ್ರ ದಿನದಿನಕ್ಕೂ ಬೆಳೆಯುತ್ತದೆ. ಮೊದಲ ವರ್ಷ ಅಕ್ಕನಿಗೆ ಫೋನ್ ಮಾಡುವುದು ಸುಲಭವಿತ್ತು. ಮೂರನೇ ವರ್ಷಕ್ಕೆ 'ಇಷ್ಟು ದಿನ ಯಾಕೆ ಸುಮ್ಮನಿದ್ದೆ' ಎಂಬ ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಬೇಕಾಯಿತು. ಐದನೇ ವರ್ಷಕ್ಕೆ ಕೆಲಸಕ್ಕಿಂತ ಆ ಉತ್ತರವೇ ದೊಡ್ಡದಾಯಿತು.

ಸರ್ಕಾರದ ನಿಯಮಗಳೂ ಹೀಗೇ ಕೊಬ್ಬುತ್ತವೆ. ಮರಣ ನೋಂದಣಿಯನ್ನೇ ನೋಡಿ. 1969ರ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ಸುಮ್ಮನೆ ಆಗಿಹೋಗುತ್ತದೆ. 30 ದಿನದವರೆಗೆ ತಡವಾದ ಶುಲ್ಕ. ಅದು ದಾಟಿದರೆ ಮೇಲಿನವರ ಅನುಮತಿಯೂ ಬೇಕು. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪುಣ್ಯಕ್ಕೆ ಅಪ್ಪನದನ್ನು ಚಿಕ್ಕಪ್ಪ ತಿಥಿ ಕಳೆಯುತ್ತಲೇ ಮಾಡಿಸಿಟ್ಟಿದ್ದರು. ನನ್ನ ಕೈಗೆ ಬಿಟ್ಟಿದ್ದರೆ ಅದೂ ಬೀರು ಹತ್ತುತ್ತಿತ್ತು.

ತಡವಾದ್ದಕ್ಕೆ ತನ್ನನ್ನು ತಾನು ಬೈದುಕೊಂಡರೆ ಚುರುಕಾಗುತ್ತೇನೆ ಎಂದು ನಾನು ನಂಬಿದ್ದೆ. ಮೇಷ್ಟರ ಬೆತ್ತ ತಿಂದು ಓದಿದ ತಲೆಮಾರು ನಮ್ಮದು. ಆದರೆ ಅದೇ ಪಿಚಿಲ್ ಮತ್ತವರ ಸಂಗಡಿಗರು 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದಾಗ ಕಂಡದ್ದು ಉಲ್ಟಾ. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದವರಲ್ಲಿ 'ಆಯ್ತು ಬಿಡು' ಎಂದು ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಮ್ಮಿ ಮುಂದೂಡಿದರು. ಬೈದುಕೊಂಡರೆ ಆ ಕೆಲಸದ ಹೆಸರೆತ್ತಿದಾಗೆಲ್ಲ ಬೈಗುಳವೂ ನೆನಪಾಗುತ್ತದೆ. ಬೈಗುಳ ಯಾರಿಗೆ ಬೇಕು, ಹಾಗಾಗಿ ಹೆಸರೇ ಎತ್ತುವುದಿಲ್ಲ.

ಇದಕ್ಕೊಂದು ಸಿದ್ಧ ವಾಕ್ಯ ಇಟ್ಟುಕೊಳ್ಳಿ. 'ತಡ ಆಗಿದೆ. ಈಗ ಏನು ಮಾಡಬೇಕು ಹೇಳಿ.' ಅಷ್ಟೇ. ಕೌಂಟರಿನಲ್ಲಿ, ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆಗೂ ಇದೇ. ಮೊದಲ ಅರ್ಧ ತಪ್ಪನ್ನು ಒಪ್ಪಿಕೊಂಡುಬಿಡುತ್ತದೆ. ಎರಡನೇ ಅರ್ಧ ಎದುರಿಗಿದ್ದವರಿಗೆ ಬೈಯುವುದು ಬಿಟ್ಟು ಬೇರೆ ಕೆಲಸ ಕೊಡುತ್ತದೆ. ಕಾರಣ ಮಾತ್ರ ಹೇಳಲು ಹೋಗಬೇಡಿ. ಆಫೀಸು, ಮಕ್ಕಳ ಪರೀಕ್ಷೆ, ಕೊರೋನಾ ಎಂದು ಶುರುಮಾಡಿದಿರೋ ಎದುರಿನವರೂ ವಿಚಾರಣೆಗೆ ಕೂರುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಇದನ್ನು ಪ್ರಯೋಗಿಸಿ ನೋಡಿದ್ದೇನೆ. 'ಎಷ್ಟು ತಿಂಗಳಿಂದ ನೋವು?' ಎಂದರು. 'ತುಂಬಾ ತಡ ಮಾಡಿದೀನಿ ಡಾಕ್ಟ್ರೇ, ಈಗ ಏನು ಮಾಡ್ಬೇಕು ಹೇಳಿ' ಎಂದೆ. ಒಂದು ಸಲ ಮುಖ ನೋಡಿದರು, 'ಬಾಯಿ ತೆಗೀರಿ' ಎಂದರು.

ಆಡಲಾರದ ಮಾತನ್ನು ಬರೆದು ಆಡಿ

ಅಕ್ಕನ ವಿಷಯಕ್ಕೆ ಬರುತ್ತೇನೆ. ಜಮೀನಿನ ಕಾಗದ ಎಂದರೆ ಹೆಣ್ಣುಮಕ್ಕಳ ಪಾಲಿನ ಮಾತು ಬಂದೇ ಬರುತ್ತದೆ. ಕರ್ನಾಟಕದಲ್ಲಿ 1994ರಿಂದಲೇ (ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟು), ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದ, ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ಕೊಟ್ಟಿದ್ದಾರೆ. 2005ರಲ್ಲಿ ತಂದೆ ಬದುಕಿರಲೇಬೇಕೆಂದೇನಿಲ್ಲ, ಅದು ಹುಟ್ಟಿನಿಂದ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸಾಫ್ ಸೀದಾ ಹೇಳಿಯಾಗಿದೆ. ಕಾನೂನು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಇಬ್ಬರಿಗೂ ಗೊತ್ತಿದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಹಬ್ಬಕ್ಕೆ ಬಂದರೆ ಹೋಳಿಗೆ, ಮಕ್ಕಳ ಮಾರ್ಕ್ಸು, ಶಿವಮೊಗ್ಗದ ಮಳೆ. ತೋಟದ ಸುದ್ದಿ ಬಂದರೆ ಕಾಯಿಗೆ ರೇಟು ಎಷ್ಟು ಎಂಬಲ್ಲಿಗೆ ನಿಲ್ಲುತ್ತಿತ್ತು.

ಇಂಥ ಮಾತಿಗೆ ಧೈರ್ಯ ಬರಲಿ ಎಂದು ಕಾಯಬೇಡಿ, ಮಾತನ್ನು ಬರೆಯಿರಿ. ಆಡಬೇಕಾದ್ದನ್ನು, ನೀವು ಆಡುವ ಕನ್ನಡದಲ್ಲೇ, ಐದಾರು ವಾಕ್ಯದಲ್ಲಿ. ನಾನು ಬರೆದುಕೊಂಡದ್ದು ಆ ಹಸಿರು ಫೈಲಿನ ಹಿಂಬದಿಯಲ್ಲೇ ಇದೆ:

'ಅಕ್ಕ, ಒಂದು ವಿಷಯ ಮಾತಾಡ್ಬೇಕಿತ್ತು. ತೋಟದ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ನಾನೇ ತಡ ಮಾಡಿದೆ. ಈಗ ಪೌತಿ ಖಾತೆ ಮಾಡಿಸೋಣ ಅಂತಿದೀನಿ. ಅಮ್ಮ, ನೀನು, ನಾನು ಮೂರು ಜನದ ಹೆಸರೂ ಬರುತ್ತೆ. ಪಾಲಿನ ಮಾತು ಆಮೇಲೆ, ನೀನು ಬಂದಾಗ ಅಮ್ಮನ ಮುಂದೆ ಕೂತು ಆಡೋಣ. ಇವತ್ತಿಗೆ ನಿನ್ನ ಆಧಾರ್ ಜೆರಾಕ್ಸ್ ಒಂದು ಬೇಕು.'

ಕೊನೆಯ ಎರಡು ವಾಕ್ಯಕ್ಕೆ ನಾನು ಒಂದು ಸಂಜೆ ಪೂರ್ತಿ ಕೂತೆ. ದೊಡ್ಡ ಮಾತನ್ನು ಇವತ್ತಿನಿಂದ ಬೇರೆ ಮಾಡಿ, ಇವತ್ತಿಗೆ ಒಂದು ಸಣ್ಣ, ಕೈಗೆ ಸಿಗುವ ವಸ್ತು ಕೇಳುವುದು. ಕೇಳಿಸಿಕೊಳ್ಳುವವರಿಗೂ ಅದರಿಂದ ಉಸಿರಾಡಲು ಜಾಗ ಸಿಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ ಎಂಬುದನ್ನು ಮೊದಲೇ ಖಚಿತ ಮಾಡಿಕೊಂಡಿದ್ದೆ. ಪೌತಿಯಲ್ಲಿ ವಾರಸುದಾರರ ಹೆಸರು ಜಂಟಿಯಾಗಿ ಕೂರುತ್ತದೆ ಅಷ್ಟೇ. ಯಾರಿಗೆ ಎಷ್ಟು ಎಂಬುದು ಆಮೇಲಿನ ವಿಭಾಗ ಪತ್ರದ ಕೆಲಸ, ಅದಕ್ಕೆ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಬೇಕು. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಹೊಸದಾಗಿ ಮಾಲೀಕರಾಗುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಆಧಾರ್ ಜೆರಾಕ್ಸ್ ಕೇಳುವ ನೆಪದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ತಮ್ಮಂದಿರೂ ಇದ್ದಾರೆ. ಅಂಥವರಿಗೆ ಈ ಲೇಖನ ಅಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಫೋನ್ ಮಾಡಿದೆ. ಫೈಲು ತೊಡೆಯ ಮೇಲಿತ್ತು. ಓದಿದಂತೆ ಕೇಳಿಸಬಾರದು ಎಂದುಕೊಂಡಿದ್ದೆ, ಓದಿದಂತೆಯೇ ಕೇಳಿಸಿತು. ಆ ಕಡೆಯಿಂದ ಒಂದು ಕ್ಷಣ ಮಿಕ್ಸಿ ಸದ್ದು ಮಾತ್ರ. ಆಮೇಲೆ ಅದೂ ನಿಂತಿತು.

'ನೀನೇ ಎತ್ತಲಿ ಅಂತ ಕಾಯ್ತಿದ್ದೆ ಕಣೋ' ಎಂದಳು ಅಕ್ಕ. 'ನಾನಾಗೇ ಕೇಳಿದ್ರೆ ಪಾಲು ಕೇಳೋಕೆ ಬಂದ್ಲು ಅಂತೀರಲ್ಲ. ಆಧಾರ್ ಸಾಯಂಕಾಲ ವಾಟ್ಸಾಪ್ ಮಾಡ್ತೀನಿ. ನಿಮ್ಮ ಭಾವಂಗೂ ಒಂದು ಮಾತು ನೀನೇ ಹೇಳ್ಬಿಡು, ಇಲ್ದಿದ್ರೆ ಬೇಜಾರ್ ಮಾಡ್ಕೋತಾರೆ.'

ಭಾವನಿಗೆ ಹೇಳುವುದು ಇನ್ನೊಂದು ಮುಳ್ಳು. ಆದರೆ ಚಿಕ್ಕದು.

ಎಲ್ಲರಿಗೂ ಇಂಥ ಉತ್ತರ ಸಿಗುವುದಿಲ್ಲ. ಸಾಲ ವಾಪಸ್ ಕೇಳಲು ಫೋನ್ ಮಾಡಿದ ನನ್ನ ಗೆಳೆಯನಿಗೆ ಸಿಕ್ಕಿದ್ದು ಬೈಗುಳ. ಆದರೆ ಅವನು ಹೇಳಿದ್ದು ಕೇಳಿ: 'ಎಂಟು ತಿಂಗಳಿಂದ ದಿನಾ ರಾತ್ರಿ ಅವನು ನನ್ನ ತಲೇಲಿ ಬೈತಿದ್ದ. ನಿಜವಾಗಿ ಬೈದಿದ್ದು ಎರಡು ನಿಮಿಷ.'

ಗೊತ್ತಿಲ್ಲದಿದ್ದರೆ ಕೇಳಲು ಮಾತ್ರ ಹೋಗಿ

ಎರಡನೇ ಜಾತಿಯ ಮುಳ್ಳು ಇದು. 'ಪೌತಿ ಖಾತೆ ಮಾಡಿಸಬೇಕು' ಎಂದು ಡೈರಿಯಲ್ಲಿ ಬರೆದರೆ ಅದನ್ನು ಯಾರೂ ಮಾಡಲಾರರು, ಯಾಕೆಂದರೆ ಅದು ಒಂದು ಕೆಲಸವಲ್ಲ, ಹನ್ನೆರಡು ಕೆಲಸದ ಮೂಟೆ. ಮೂಟೆಗೆ ಹಿಡಿ ಇರುವುದಿಲ್ಲ.

ಮೊದಲ ಸಲ ಹೋಗುವಾಗ ಕೆಲಸ ಮಾಡಿಸಿಕೊಂಡು ಬರುತ್ತೇನೆ ಎಂದು ಹೋಗಬೇಡಿ. ಕೇಳಿಕೊಂಡು ಬರುತ್ತೇನೆ ಎಂದು ಹೋಗಿ. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಕಾಲಿಗೆ ಗೊತ್ತಾಗುತ್ತದೆ. ಕೇಳಲು ಹೋದವನನ್ನು ಯಾರೂ ವಾಪಸ್ ಕಳಿಸಲಾರರು. ಹಾಗೆ ಹೋದ ದಿನ ನನ್ನ ಕೈಯಲ್ಲಿ ಇದ್ದದ್ದು ಒಂದು ಪೆನ್ನು, ಫೈಲು. ಕೌಂಟರಿನವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡೆ, ಬರೆದದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿದೆ. 'ಅದೇ ಸರಿ' ಎಂದರು. ಓದಿ ಹೇಳುವುದನ್ನು ಬಿಡಬೇಡಿ. ಅರ್ಧ ಓಡಾಟ ಉಳಿಯುವುದು ಅಲ್ಲೇ.

ಪೌತಿಗೆ ಬೇಕಾದ್ದು ನೋಡಿದರೆ ಭಯಪಡುವಂಥದ್ದಲ್ಲ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಈಗಿನ ಪಹಣಿ, ವಾರಸುದಾರರ ಆಧಾರ್. ಅರ್ಜಿ ಕೊಟ್ಟ ಮೇಲೆ ತಕರಾರು ಇದ್ದವರು ಹೇಳಿ ಎಂದು ನೋಟೀಸು ಹೊರಡುತ್ತದೆ, ಅವಧಿ ಮುಗಿದು ಯಾರೂ ಬರದಿದ್ದರೆ ಖಾತೆ ಬದಲಾವಣೆಯ ಪುಸ್ತಕದಲ್ಲಿ ಎಂ.ಆರ್. ನಂಬರ್ ಬಿದ್ದು ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ನನಗೆ ಸಿಕ್ಕಿಹಾಕಿಕೊಂಡದ್ದು ಬೇರೆಯದೇ ಕಡೆ. ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆ 'ಗೌಡ' ಇದೆ, ಮರಣ ಪ್ರಮಾಣಪತ್ರದಲ್ಲಿ ಇಲ್ಲ. ಎರಡೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎಂದರು. ನಿಮ್ಮ ಫೈಲಿನಲ್ಲೂ ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇನಿಷಿಯಲ್ಲು, ಅಪ್ಪ, ಅಯ್ಯ, ಗೌಡ, ಶೆಟ್ಟಿ. ಹಳ್ಳಿಯ ದಾಖಲೆಯಲ್ಲಿ ಒಬ್ಬನಿಗೆ ಮೂರು ಹೆಸರು ಇರುವುದು ಮಾಮೂಲು.

ನಾನೊಬ್ಬನೇ ಅಲ್ಲ ಎಂಬ ಸಮಾಧಾನವೂ ಇದೆ. ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಎಷ್ಟೆಂದರೆ ಕಂದಾಯ ಇಲಾಖೆ 2025ರಲ್ಲಿ 'ಇ-ಪೌತಿ' ಎಂಬ ಆಂದೋಲನವನ್ನೇ ಶುರುಮಾಡಬೇಕಾಯಿತು. ಬ್ಯಾಂಕಿನಲ್ಲೂ ಇದೇ ಕಥೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಂಥ ಹಣ ಯಾವ ಬ್ಯಾಂಕಿನಲ್ಲಿದೆ ಎಂದು ಹುಡುಕಲು 2023ರಲ್ಲಿ 'ಉದ್ಗಮ್' ಎಂಬ ಪೋರ್ಟಲ್ ತೆರೆದಿದ್ದಾರೆ. ವಾರಸುದಾರರು ಈಗಲೂ ಕೇಳಿ ಪಡೆಯಬಹುದು.

ದಿನ ಗೊತ್ತುಮಾಡುವುದು

'ಬಿಡುವಾದಾಗ ಮಾಡ್ತೀನಿ' ಎಂಬ ದಿನ ಯಾವ ಪಂಚಾಂಗದಲ್ಲೂ ಇಲ್ಲ. 'ಈ ವಾರ ಮಾಡ್ತೀನಿ' ಎಂಬುದೂ ಅದರ ತಮ್ಮ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಯಾವುದಾದ ಮೇಲೆ ಎಂದು ಪೂರ್ತಿ ವಾಕ್ಯ ಬರೆಯಬೇಕು. 'ಭಾನುವಾರ ತಿಂಡಿ ತಿಂದು ಕೈ ತೊಳೆದ ತಕ್ಷಣ, ಜಗಲಿಯಲ್ಲಿ ಕೂತು, ಅಕ್ಕನಿಗೆ ಫೋನ್ ಮಾಡುತ್ತೇನೆ.' ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಇದನ್ನು ತೊಂಬತ್ತರ ದಶಕದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಕೆಲವರಿಗೆ ಮಾತ್ರ ಎಲ್ಲಿ, ಯಾವಾಗ ಕೂತು ಬರೆಯುತ್ತೀರಿ ಎಂದು ಮೊದಲೇ ನಿರ್ಧರಿಸಿಕೊಳ್ಳಲು ಹೇಳಿದರು. ಹಾಗೆ ನಿರ್ಧರಿಸಿಕೊಂಡವರಲ್ಲಿ ಮುಗಿಸಿದವರು ಉಳಿದವರ ಎರಡರಷ್ಟು.

ನಮ್ಮ ಹಿರಿಯರು ಮುಹೂರ್ತ ಇಡುತ್ತಿದ್ದುದರಲ್ಲಿ ಇದೂ ಇತ್ತೇನೋ. ಗ್ರಹಗತಿಯ ಮಾತು ಹಾಗಿರಲಿ, ಹತ್ತೂ ಇಪ್ಪತ್ತಕ್ಕೆ ಎಂದ ಮೇಲೆ ಹತ್ತೂ ಇಪ್ಪತ್ತಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ. ತಿಂಡಿಯಂಥ ದಿನನಿತ್ಯದ ಒಂದಕ್ಕೆ ಕೆಲಸವನ್ನು ಗಂಟು ಹಾಕಿ. ಗಡಿಯಾರವನ್ನು ಮರೆಯಬಹುದು, ಉಪ್ಪಿಟ್ಟನ್ನು ಮರೆಯುವವರಿಲ್ಲ.

ದಿನ ಆರಿಸುವಾಗ ಎದುರಿನವರ ದಿನವನ್ನೂ ನೋಡಿ. ಸೋಮವಾರ ಕಚೇರಿಗಳಲ್ಲಿ ನೂಕುನುಗ್ಗಲು. ಹಬ್ಬದ ಹಿಂದಿನ ದಿನ ಹೋದರೆ ಕುರ್ಚಿಗಳು ಮಾತ್ರ ಇರುತ್ತವೆ. ನಾನು ಬುಧವಾರ ಹಿಡಿದೆ, ಬೆಂಗಳೂರಿನಿಂದ ನಸುಕಿನ ರೈಲಿಗೆ ಟಿಕೆಟ್ ಮಾಡಿಸಿ, ಆಫೀಸಿನಲ್ಲಿ ರಜೆಯನ್ನೂ ಮೊದಲೇ ಹಾಕಿಬಿಟ್ಟೆ. ದುಡ್ಡು ಕೊಟ್ಟು ಟಿಕೆಟ್ ತೆಗೆದ ಮೇಲೆ ನಮ್ಮ ಕಡೆಯ ಜನ ಹೋಗದೆ ಇರುವುದು ಕಷ್ಟ.

ಬೇಸರದ ಭಾಗಕ್ಕೆ ಕುಕ್ಕರು

ಬರೀ ಬೇಸರದ ಕೆಲಸಕ್ಕೆ ದೊಡ್ಡ ಶಾಸ್ತ್ರ ಬೇಡ. ಅಡುಗೆಮನೆಯ ಟೊಮ್ಯಾಟೊ ಆಕಾರದ ಗಡಿಯಾರಕ್ಕೆ 25 ನಿಮಿಷ ಕೀಲಿ ಕೊಟ್ಟು ಓದಲು ಕೂರುತ್ತಿದ್ದ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಅದನ್ನೇ ಪೊಮೊಡೊರೊ ಎಂಬ ಪದ್ಧತಿ ಮಾಡಿದರು. ನಮ್ಮ ಮನೆಯಲ್ಲಿ ಆ ಗಡಿಯಾರವಿಲ್ಲ, ಕುಕ್ಕರ್ ಇದೆ. ಬೇಳೆ ಇಟ್ಟು ಊಟದ ಮೇಜಿನ ಮೇಲೆ ಫೈಲು ಬಿಚ್ಚಿದೆ. ನಾಲ್ಕು ಕೂಗು ಆಗುವವರೆಗೆ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸುವುದು, ನಾಲ್ಕನೇ ಕೂಗಿಗೆ ಎದ್ದು ಒಲೆ ಆರಿಸುವುದು. ಮೂರು ದಿನದ ಸಾರಿಗೆ ರಸೀದಿಯೆಲ್ಲ ಮುಗಿಯಿತು. ಮುಗಿಯುವ ಹೊತ್ತು ಕಣ್ಣಿಗೆ ಕಾಣುತ್ತಿದ್ದರೆ ಬೇಸರ ತಡೆಯಬಹುದು, ಅಷ್ಟೇ ಗುಟ್ಟು.

ದುಃಖದ್ದು ಹಾಗಲ್ಲ. ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವರೊಬ್ಬರು ಇದ್ದರು. ವಂಶವೃಕ್ಷದ ನಕ್ಷೆ ಅವರೇ ಎಳೆದರು. ಮೇಲೆ ಅಪ್ಪನ ಹೆಸರು, ಅದರಿಂದ ಕೆಳಗೆ ಮೂರು ಗೆರೆ. ಅಪ್ಪನ ಹೆಸರಿನ ಮುಂದೆ ಕಂಸ ಹಾಕಿ 'ಮೃತ' ಎಂದು ಬರೆದರು. ಬರೆಯುವಾಗ ತಲೆ ಎತ್ತಲಿಲ್ಲ, ದಿನಕ್ಕೆ ಎಷ್ಟು ಬರೆಯುತ್ತಾರೋ. ನನಗೆ ಅದನ್ನು ನೋಡಲಾಗಲಿಲ್ಲ. ಜೊತೆಗೆ ಬಂದಿದ್ದ ಚಿಕ್ಕಪ್ಪ 'ಬಾ, ಟೀ ಕುಡ್ಕೊಂಡ್ ಬರೋಣ' ಎಂದು ಎಬ್ಬಿಸಿಕೊಂಡು ಹೋದರು. ಈ ಜಾತಿಯ ಕೆಲಸಕ್ಕೆ ಒಬ್ಬರೇ ಹೋಗಬಾರದು ಎನ್ನುವುದನ್ನು ಅವತ್ತು ಕಲಿತೆ. ಜೊತೆಗೆ ಬರುವವರಿಗೆ ಕಾನೂನು ಗೊತ್ತಿರಬೇಕಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂರಲು ಬಂದರೆ ಸಾಕು. ಡಾಕ್ಟರ ಹತ್ತಿರ ರಿಪೋರ್ಟು ತರಲು, ತೀರಿಹೋದವರ ಬಟ್ಟೆಬರೆ ವಿಂಗಡಿಸಲು, ಯಾವುದಕ್ಕಾದರೂ ಸರಿ.

ನಿಜವಾಗಿ ಬೇಡದ್ದನ್ನು ಕೈಬಿಡಿ

ಹಾಳೆಯ ಮೇಲೆ ಬರೆದದ್ದೆಲ್ಲ ಮಾಡಲೇಬೇಕೆಂದೇನಿಲ್ಲ. ನನ್ನ ಪಟ್ಟಿಯಲ್ಲಿ 'ಅಪ್ಪನ ಹಳೇ ರೇಡಿಯೋ ರಿಪೇರಿ' ಎಂಬುದು ನಾಲ್ಕು ವರ್ಷ ಇತ್ತು. ಒಂದು ದಿನ ಅದನ್ನು ಹೊಡೆದುಹಾಕಿದೆ, ರೇಡಿಯೋ ಈಗ ಶೋಕೇಸಿನಲ್ಲಿ ಸುಮ್ಮನೆ ಇದೆ, ಯಾರ ಮನಸ್ಸೂ ನೊಂದಿಲ್ಲ. ದುಡ್ಡು ಕೊಟ್ಟು ಮಾಡಿಸಬಹುದಾದ್ದನ್ನು ಮಾಡಿಸಿ. ಟ್ಯಾಕ್ಸ್ ರಿಟರ್ನ್ಸ್ ನಾನೇ ತುಂಬುತ್ತೇನೆ ಎಂಬ ಹಟದಲ್ಲಿ ಪ್ರತಿ ವರ್ಷ ಜುಲೈ ತಿಂಗಳು ಹಾಳುಮಾಡಿಕೊಳ್ಳುವವರು ಒಬ್ಬ ಆಡಿಟರನ್ನು ಹಿಡಿಯುವುದು ಮೇಲು. ಆದರೆ ಅಕ್ಕನಿಗೆ ಫೋನ್ ಮಾಡುವುದನ್ನು ಏಜೆಂಟಿಗೆ ಕೊಡಲಾಗುವುದಿಲ್ಲ. ಮುಳ್ಳನ್ನು ನೀವೇ ಇಟ್ಟುಕೊಂಡು ಉಳಿದದ್ದನ್ನು ಹಂಚಿ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಜೆರಾಕ್ಸ್ ಅಂಗಡಿಗೆ ತಾವೇ ಓಡಾಡಿ, ಆಡಬೇಕಾದ ಮಾತನ್ನು ಹೆಂಡತಿಯ ಬಾಯಲ್ಲಿ ಆಡಿಸುತ್ತಾರೆ.

ಇನ್ನೊಂದು ಮಾತು. ಬೇಡದ ಕೆಲಸ ಮಾತ್ರವಲ್ಲ, ಇಷ್ಟದ್ದಕ್ಕೂ ಕೈ ಏಳದಿದ್ದರೆ, ಸ್ನಾನ, ಊಟ, ಫೋನ್ ಎತ್ತುವುದು ಕೂಡ ವಾರಗಟ್ಟಲೆ ಭಾರವಾಗಿದ್ದರೆ, ಅದಕ್ಕೆ ಹಾಳೆ, ಪಟ್ಟಿ, ಕುಕ್ಕರ್ ಯಾವುದೂ ಮದ್ದಲ್ಲ. ಡಾಕ್ಟರನ್ನು ನೋಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಲ್ಲಿಸುವಾಗ ಮುಂದಿನ ಸಾಲು ಬರೆದು ನಿಲ್ಲಿಸಿ

ಇಂಥ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮಧ್ಯೆ ಮಧ್ಯೆ ಕಾಯಬೇಕಾಗುತ್ತದೆ. ಕಾಯುವ ಹೊತ್ತಿನಲ್ಲೇ ಫೈಲು ಮೆಲ್ಲಗೆ ಮತ್ತೆ ಬೀರು ಹತ್ತುವುದು. ಮೊದಮೊದಲ ಓಡಾಟದ ಹುರುಪಿನಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಟ್ಟು ಬಂದವನು, ಸ್ವೀಕೃತಿ ಚೀಟಿಯನ್ನು ಪರ್ಸಿನಲ್ಲಿಟ್ಟು ಮೂರು ವಾರ ಮರೆತೆ. ಅದು ಎಂದೋ ಸಿದ್ಧವಾಗಿತ್ತಂತೆ.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಫೈಲು ಮುಚ್ಚುವ ಮೊದಲು ಅದರ ರಟ್ಟಿನ ಮೇಲೆಯೇ ಮುಂದಿನ ಒಂದು ಕೆಲಸ, ಅದರ ತಾರೀಕು ಬರೆಯುವುದು. 'ಮುಂದುವರಿಸು' ಎಂದಲ್ಲ. 'ಶನಿವಾರ 11ಕ್ಕೆ ವಿ.ಎ. (ಗ್ರಾಮ ಲೆಕ್ಕಿಗ) ಅವರಿಗೆ ಫೋನ್, ಅರ್ಜಿ ನಂಬರ್ ಇದು' ಎಂದು. ಮುಗಿದ ಸಾಲನ್ನು ಗೀಟು ಹೊಡೆದು ಕೆಳಗೆ ಇನ್ನೊಂದು. ಮತ್ತೆ, ಫೈಲನ್ನು ಬೀರುವಿನ ಮೇಲೆ ಇಡದೆ ಟಿವಿ ಪಕ್ಕದಲ್ಲಿ ಇಟ್ಟೆ. ಮನೆಗೆ ಬಂದವರೆಲ್ಲ 'ಏನದು?' ಎಂದು ಕೇಳುವ ಜಾಗ ಅದು. ಹೇಳಿ ಹೇಳಿ ಕೆಲಸ ಅರ್ಧ ಬಾಯಿಪಾಠವಾಯಿತು.

ಈಗ ರಟ್ಟಿನ ಮೇಲೆ ಹನ್ನೊಂದು ಸಾಲಿಗೆ ಗೀಟು ಬಿದ್ದಿದೆ. ಪಹಣಿಯಲ್ಲಿ ಮೂರು ಹೆಸರು ಬಂದಿದೆ, ಅಮ್ಮ ಅದನ್ನು ದೇವರ ಮನೆಯಲ್ಲಿ ಎರಡು ದಿನ ಇಟ್ಟಿದ್ದರು. ಹನ್ನೆರಡನೇ ಸಾಲು ಅಕ್ಕನ ಕೈಬರಹದಲ್ಲಿದೆ, ಹೋದ ತಿಂಗಳು ಬಂದಾಗ ಅವಳೇ ಬರೆದು ಹೋದದ್ದು: 'ಶ್ರಾವಣ ಎರಡನೇ ಶನಿವಾರ, ಊಟ ಆದ್ಮೇಲೆ, ಪಾಲಿನ ಮಾತು. ಭಾವನೂ ಇರ್ತಾರೆ.'